ಹುಚ್ಚಕ್ಕ ಹೆಣೆದ ಮೂವತ್ತೆಂಟು ಕವರು ಚೀಲಗಳು

ಹುಚ್ಚಕ್ಕನ ಜೀವನವನ್ನು ಬರೆಯಲು ಕುಳಿತರೆ ಮೊದಲು ಎದುರಾಗುವ ತಾರೀಖೇ ಸುಳ್ಳು. ನಮ್ಮ ಮತ್ತೋಡು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವಳ ಜನ್ಮದಿನ 1972ರ ಜೂನ್ 1 ಎಂದಿದೆ. ಅದನ್ನು ಬರೆದವನು ಅಲ್ಲಿ ಮೇಷ್ಟ್ರಾಗಿದ್ದ ನಾನೇ. 1978ರ ಜೂನ್ 6, ಮಂಗಳವಾರ, ಕುರಿ ಕಾಯುವ ಅವಳ ತಂದೆ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತು, “ಮುಂಗಾರು ಬೀಳೋ ಹೊತ್ತಿಗೆ ಹುಟ್ಟಿದ್ಲು ಕಣ್ ಸಾಮಿ, ನೀವೇ ಒಂದಿನ ಹಾಕ್ಕಳ್ರಿ” ಎಂದಿದ್ದ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಇಪ್ಪತ್ತೊಂಬತ್ತು ಮಕ್ಕಳಲ್ಲಿ ಹದಿನೇಳು ಮಂದಿ ಜೂನ್ ಒಂದರಂದೇ ಹುಟ್ಟಿದವರು. ಉಳಿದ ತಾರೀಖುಗಳನ್ನು ಓದುಗರು ನಂಬಬಹುದು. ಅವು ಆಯಾ ದಿನವೇ ಬರೆದುಕೊಂಡವು. ಅನುಮಾನವಿದ್ದ ಕಡೆ ಇಬ್ಬರನ್ನಾದರೂ ಕೇಳಿ ತಾಳೆ ನೋಡಿದವು.

ಹುಚ್ಚಕ್ಕ ಏಳನೆಯ ತರಗತಿಯವರೆಗೆ ಓದಿದಳು. ಲೆಕ್ಕದಲ್ಲಿ ಸಾಧಾರಣ, ಕನ್ನಡದಲ್ಲಿ ಪರವಾಗಿಲ್ಲ. ಆದರೆ 1983ರ ಆಗಸ್ಟ್‌ನಲ್ಲಿ ಹೊಲಿಗೆ ಮತ್ತು ಹೆಣಿಗೆ ಕಲಿಸಲು ನೇತ್ರಾವತಿ ಎಂಬ ಶಿಕ್ಷಕಿ ಬಂದ ಮೇಲೆ ಆ ಹುಡುಗಿಯ ಕೈಯೇ ಬೇರೆಯಾಯಿತು. ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯೊಂದನ್ನು ಹಿಡಿದು, ದಾರದಲ್ಲಿ ಕುಣಿಕೆಯೊಳಗೆ ಕುಣಿಕೆ ಎಳೆದು ಸರಪಳಿ ಮಾಡುವುದನ್ನು ಅವಳು ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಸರಪಳಿಯ ಮೇಲೆ ಕಂಬಗಳೆಂಬ ಉದ್ದ ಕುಣಿಕೆಗಳನ್ನು ನಿಲ್ಲಿಸುವುದನ್ನು ಮರುದಿನ ಕಲಿತಳು. ಆ ವಿದ್ಯೆಯನ್ನು ಅವಳು ಬಿಡಲಿಲ್ಲ. 1990ರ ಮೇ ತಿಂಗಳಲ್ಲಿ ಮತ್ತೋಡಿನಿಂದ ಮೂರು ಕಿಲೋಮೀಟರ್ ದೂರದ ಗೊಲ್ಲರ ಹಟ್ಟಿಗೆ, ಮಂಜಣ್ಣನ ಹೆಂಡತಿಯಾಗಿ ಹೋದಾಗ, ಸೀರೆಗಳ ನಡುವೆ ಆ ಕಡ್ಡಿಯೂ ಹೋಯಿತು. ಅದು ಮುರಿದ ಮೇಲೆ ಮಂಜಣ್ಣ ಸೈಕಲ್ಲಿನ ಕಡ್ಡಿಯೊಂದನ್ನು ಕಲ್ಲಿಗೆ ಉಜ್ಜಿ ಕೊಕ್ಕೆ ಮಾಡಿಕೊಟ್ಟ. ಬಾಗಿಲ ತೋರಣ, ಟೀವಿಯ ಹೊದಿಕೆ, ಕೂಸುಗಳ ಕುಲಾವಿ ಎಲ್ಲವೂ ಆ ಕಡ್ಡಿಯಲ್ಲೇ ಆದವು.

ಮಂಜಣ್ಣನ ಅಣ್ಣನ ಹೆಂಡತಿ ನಿಂಗಕ್ಕ. ಎರಡು ಮನೆಗೂ ಒಂದೇ ಅಂಗಳ. ಹುಚ್ಚಕ್ಕನಿಗೆ ಹಾಲು ಕರೆಯುವುದನ್ನು, ಹಟ್ಟಿಯ ದೇವರಿಗೆ ಎಡೆ ಮಾಡುವುದನ್ನು, ಬೈಯುವ ಗಂಡಸರಿಗೆ ಉತ್ತರ ಕೊಡುವುದನ್ನು ಕಲಿಸಿದವಳು ಆಕೆ. ಮೂವತ್ತಮೂರು ವರ್ಷ ಆ ಇಬ್ಬರು ವಾರಗಿತ್ತಿಯರು ಜಗಳವಾಡದ ದಿನವಿಲ್ಲ, ಮಾತು ಬಿಟ್ಟ ದಿನವೂ ಇಲ್ಲ. ಮಾತು ನಿಂತದ್ದು 2023ರ ನವೆಂಬರ್ 17, ಶುಕ್ರವಾರ. ಅಂದು ನಾನು ಅಲ್ಲಿದ್ದೆ.

ಆ ಹಟ್ಟಿಯಲ್ಲಿ ದೇವರ ಹೆಸರಿಗೆ ಒಂದು ಟಗರನ್ನು ಬಿಡುತ್ತಾರೆ. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಅದರ ಮೈಗೆ ಕಬ್ಬಿಣವನ್ನೇ ತಾಕಿಸುವಂತಿಲ್ಲ. ಆದ್ದರಿಂದ ಉಣ್ಣೆಯನ್ನೂ ಕತ್ತರಿಸುವುದಿಲ್ಲ. ಮೂವತ್ತೆಂಟು ಮನೆಗಳಲ್ಲಿ ಅದು ಯಾವ ಮನೆಗೆ ನುಗ್ಗಿದರೂ ಒಂದು ಹಿಡಿ ಏನಾದರೂ ಕೊಟ್ಟು ಕಳಿಸಬೇಕು. 2020ರ ಯುಗಾದಿಯಂದು ಬಿಟ್ಟ ಟಗರು ಆ ನವೆಂಬರಿನ ಹೊತ್ತಿಗೆ ಉಣ್ಣೆಯ ಗುಡ್ಡೆಯಂತೆ ಕಾಣುತ್ತಿತ್ತು. ಒಳಗೆ ಮೈ ಇಳಿದಿದೆಯೆಂದು ಯಾರಿಗೂ ತಿಳಿಯಲಿಲ್ಲ.

ನವೆಂಬರ್ 10ರಂದು ಅದು ನಿಂಗಕ್ಕನ ಅವರೆ ಹೊಲಕ್ಕೆ ನುಗ್ಗಿತು. ಹೂ ಬಿಟ್ಟಿದ್ದ ಎರಡು ಸಾಲು ತುಳಿದು ಹೋಯಿತು. ನಿಂಗಕ್ಕ ಬದುವಿನ ಮೇಲೆ ನಿಂತು ಹಟ್ಟಿಗೆಲ್ಲ ಕೇಳುವಂತೆ, “ಇನ್ನೊಂದ್ಸಲ ಕಾಲಿಟ್ರೆ ಔಷಧಿ ಹೊಡ್ದಿಡ್ತೀನಿ. ದೇವ್ರ ಟಗ್ರಾದ್ರೇನು, ನನ್ ಅವರೆ ದೇವ್ರು ಕಟ್ಕೊಡ್ತಾನಾ” ಎಂದಳು. ನಮ್ಮ ಕಡೆ ಹೊಲದ ಬದುವಿನ ಮೇಲೆ ಇಂಥ ಮಾತು ದಿನಕ್ಕೆ ಹತ್ತು ಹುಟ್ಟುತ್ತವೆ, ಸಂಜೆಗೆ ಹತ್ತೂ ಸಾಯುತ್ತವೆ. ಆದರೆ ನಾಲ್ಕು ದಿನಕ್ಕೆ, ಬಲಿಪಾಡ್ಯಮಿಯಂದು, ಕುರಿಗಳಿಗೆಲ್ಲ ಹೂವು ಕಟ್ಟಿ ಪೂಜೆ ಮಾಡುವ ಹೊತ್ತಿಗೆ ಟಗರು ಎದ್ದು ನಿಲ್ಲಲಿಲ್ಲ. ಹದಿನೇಳರ ಬೆಳಗಿನ ಜಾವ ದೇವರ ಗುಡಿಯ ಮುಂದೆ, ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು, ಸತ್ತು ಬಿದ್ದಿತ್ತು.

ಹಟ್ಟಿಯ ಯಜಮಾನ ಗೊಲ್ಲಪ್ಪ ನನಗೆ ಹೇಳಿಕಳಿಸಿದ. ಹಟ್ಟಿಯ ಹೊರಗಿನವನೊಬ್ಬ ಕುಳಿತು ನಡೆದದ್ದನ್ನು ಬರೆದುಕೊಳ್ಳಲಿ ಎಂಬುದು ಅವನ ಆಸೆ. ನಾನು ಹೋದಾಗ ಎಂಟು ಗಂಟೆ ಇಪ್ಪತ್ತು ನಿಮಿಷ. ಟಗರಿನ ಮೇಲೆ ಹೊಸ ಕಂಬಳಿ ಹೊದಿಸಿದ್ದರು. ಹುಚ್ಚಕ್ಕ ಅದರ ತಲೆಯ ಹತ್ತಿರ ಕುಳಿತಿದ್ದಳು. ಆ ಟಗರಿಗೆ ಪ್ರತಿ ಸೋಮವಾರ ಉಪ್ಪು ತಿನ್ನಿಸುತ್ತಿದ್ದವಳು ಅವಳೇ. ಅದು ಅವಳ ಹಿಂದೆ ನಾಯಿಯಂತೆ ತಿರುಗುತ್ತಿತ್ತು.

“ನೊರೆ ನೋಡ್ರಿ ಯಜಮಾನ್ರೆ. ಔಷಧಿ ಬಿದ್ದೈತೆ” ಎಂದಳು. ನಿಂಗಕ್ಕನ ಕಡೆ ಬೆರಳು ಮಾಡಲಿಲ್ಲ. ಮಾಡುವ ಅಗತ್ಯವಿರಲಿಲ್ಲ, ಎಲ್ಲರ ತಲೆಯೂ ಆ ಕಡೆ ತಿರುಗಿತು.

ನಿಂಗಕ್ಕ ಮುಂದೆ ಬಂದಳು. ಅರವತ್ತೆರಡರ ಹೆಂಗಸು, ಬೆನ್ನು ಒಂದಿಷ್ಟೂ ಬಾಗಿಲ್ಲ. “ಬಾಯಿ ಆಡಿದ್ದು ನಿಜ. ಕೈ ಆಡಿಲ್ಲ. ಟಗ್ರು ಮುಟ್ಟಿ ಆಣೆ ಮಾಡ್ತೀನಿ” ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಆ ಹಟ್ಟಿಯಲ್ಲಿ ಆಣೆಯೆಂದರೆ ಕೊನೆಯ ಮಾತು. ಸತ್ತ ದೇವರ ಪ್ರಾಣಿಯನ್ನು ಮುಟ್ಟಿ ಹಿರಿಯ ಹೆಂಗಸು ಆಣೆ ಮಾಡುತ್ತೇನೆಂದ ಮೇಲೆ ಎದುರು ಮಾತಾಡಿದವರನ್ನು ಗೊಲ್ಲಪ್ಪ ತನ್ನ ಎಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಅವನು ಕಂಬಳಿಯ ಅಂಚು ಸರಿಸಿ, “ಬಾರವ್ವ” ಎಂದ. ನಿಂಗಕ್ಕ ಬಗ್ಗಿದಳು. ಆಕೆಯ ಕೈ ಇನ್ನೂ ಒಂದು ಗೇಣು ದೂರವಿರುವಾಗ ಹುಚ್ಚಕ್ಕ ಅದನ್ನು ಹಿಡಿದು ತಡೆದಳು.

“ಆಣೆ ಬ್ಯಾಡ. ಹೊಟ್ಟೆ ಸೀಳ್ಸಿ ನೋಡಾಣ.”

ಕಬ್ಬಿಣ ತಾಕಿಸಬಾರದ ಮೈಯನ್ನು ಸೀಳಬೇಕೆಂದದ್ದು ಒಂದು ಕಡೆಗಿರಲಿ. ಒಡಹುಟ್ಟಿದವಳಂತೆ ಬಾಳಿದ ಹಿರಿಯಳ ಆಣೆಯನ್ನು ಬೇಡವೆಂದು ತಳ್ಳಿದ್ದಳು. ನಿಂಗಕ್ಕ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತಳು.

“ನನ್ ಆಣೆ ನಿನಗೆ ಸಾಲ್ದಾತಾ” ಎಂದಳು. ಹುಚ್ಚಕ್ಕನೊಂದಿಗೆ ಆ ದಿನ ಆಕೆ ಆಡಿದ ಕೊನೆಯ ಮಾತು ಅದು. ಆಮೇಲೆ ಗೊಲ್ಲಪ್ಪನ ಕಡೆ ತಿರುಗಿ, “ಸೀಳ್ಸ್ರಿ ಯಜಮಾನ್ರೆ. ನಾನೂ ನೋಡ್ತೀನಿ” ಎಂದು ಅಲ್ಲಿಯೇ ಕಲ್ಲಿನ ಮೇಲೆ ಕುಳಿತಳು. ಏಳು ಗಂಟೆಯ ಕಾಲ ಆಕೆ ಆ ಕಲ್ಲಿನಿಂದ ಏಳಲಿಲ್ಲ, ನೀರೂ ಕುಡಿಯಲಿಲ್ಲ.

ಪಶುವೈದ್ಯ ಲಕ್ಷ್ಮೀಕಾಂತ್ ಬಂದದ್ದು ಮೂರು ಗಂಟೆ ನಲವತ್ತು ನಿಮಿಷಕ್ಕೆ. ಯಾರೂ ಹತ್ತಿರ ಬರಲಿಲ್ಲವಾದ್ದರಿಂದ ಟಗರಿನ ಕಾಲನ್ನು ಹುಚ್ಚಕ್ಕನೇ ಹಿಡಿದಳು. ಉಣ್ಣೆ ಸರಿಸಿದಾಗ ಮೊದಲ ಆಘಾತ: ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. “ಇದು ಒಂದಿನದ್ದಲ್ಲ ಅಜ್ಜ, ತಿಂಗಳುಗಟ್ಲೆ ಸೊರಗೈತೆ” ಎಂದ ವೈದ್ಯ, ಗೊಲ್ಲಪ್ಪನ ಕಡೆ ನೋಡಿ. ಹೊಟ್ಟೆ ತೆರೆದಾಗ ಹಸಿರುಗಪ್ಪು ನೀರು ಚಿಮ್ಮಿತು. ಅವನು ಕೈಗವಸು ಹಾಕಿದ ಕೈಯನ್ನು ಮೊಣಕೈವರೆಗೆ ಒಳಗೆ ಬಿಟ್ಟು ಏನನ್ನೋ ಹಿಡಿದು ಎಳೆದ. ಅದು ಬರುತ್ತಲೇ ಇತ್ತು. ಹಗ್ಗದಂತೆ ಹೊಸೆದುಕೊಂಡ ಒಂದು ಮುದ್ದೆ. ಅದರ ಹಿಂದೆ ಇನ್ನೊಂದು. ಬಕೆಟ್ಟಿನ ನೀರಿನಲ್ಲಿ ಅದ್ದಿ ಬಿಡಿಸಿದಾಗ ನೀಲಿ, ಬಿಳಿ, ಗುಲಾಬಿ, ಕಪ್ಪು. ಎಲ್ಲವೂ ಕವರುಗಳು. ಕಿರಾಣಿ ಅಂಗಡಿಯಲ್ಲಿ ಸಕ್ಕರೆ, ಬೇಳೆ, ಮೆಣಸಿನಕಾಯಿ ಹಾಕಿ ಕೊಡುವ ತೆಳು ಪ್ಲಾಸ್ಟಿಕ್ ಕವರುಗಳು.

ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ವೈದ್ಯ ಒಂದು ಕವರನ್ನು ಬೆರಳಲ್ಲಿ ಎತ್ತಿ ಹಿಡಿದ. ಅದರ ಬಾಯಿಗೆ ಗಂಟು ಹಾಕಿರಲಿಲ್ಲ. ಕೆಂಪು ಉಲ್ಲನ್ ದಾರದ ಒಂದು ತುಂಡನ್ನು ಸುತ್ತಿ, ಒಂದೇ ಕುಣಿಕೆಯಲ್ಲಿ ಬಿಗಿದಿದ್ದರು. ಎಲ್ಲ ಹಸಿರುಗಪ್ಪಾಗಿದ್ದರೂ ಆ ದಾರ ಮಾತ್ರ ಅಂಗಡಿಯಿಂದ ಈಗ ತಂದಂತೆ ಕೆಂಪಗಿತ್ತು.

ತುದಿ ಹಿಡಿದು ಎಳೆದರೆ ತಾನೇ ಬಿಚ್ಚಿಕೊಳ್ಳುವ ಆ ಕುಣಿಕೆ ಹೆಣಿಗೆಯವರ ಕುಣಿಕೆ. ಹಟ್ಟಿಯಲ್ಲಿ ಹೆಣಿಗೆ ಬಲ್ಲವಳು ಒಬ್ಬಳೇ.

“ಅದು ನಂದು” ಎಂದಳು ಹುಚ್ಚಕ್ಕ. ಧ್ವನಿ ಏರಲಿಲ್ಲ. “ಸಾಹೇಬ್ರೆ, ಇನ್ನೂ ಅವೆ ನೋಡ್ರಿ. ಸೋಮವಾರಕ್ಕೊಂದು” ಎಂದಳು.

ಅವಳು ಆಮೇಲೆ ನನಗೆ ವಿವರಿಸಿದ್ದು ಹೀಗೆ. ಹೊಸದುರ್ಗದ ಸಂತೆಯಿಂದ ತಂದ ಹರಳುಪ್ಪನ್ನು ಅವಳು ಎರಡೆರಡು ಹಿಡಿಯಂತೆ ಸಣ್ಣ ಕವರುಗಳಿಗೆ ತುಂಬಿ, ಹೆಣಿಗೆಯಲ್ಲಿ ಉಳಿದ ಕೆಂಪು ದಾರದ ತುಂಡಿನಿಂದ ಕಟ್ಟಿಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಒಂದರ ಕಟ್ಟು ಬಿಚ್ಚದೆ ಪಕ್ಕ ಹರಿದು ಮೊದಲು ದೇವರ ಟಗರಿಗೆ ಅಂಗೈಯಲ್ಲಿ ನೆಕ್ಕಿಸುವಳು. ತಳದಲ್ಲಿ ಅಂಟಿದ ಹರಳು ದೇವರ ಪಾಲು, ಅದು ವ್ಯರ್ಥವಾಗಬಾರದೆಂದು ಕವರನ್ನು ಮಗುಚಿ, ದಾರದ ಸಮೇತ ಅದರ ಮುಂದೆಯೇ ಇಟ್ಟು ಕೆಲಸಕ್ಕೆ ಹೋಗುವಳು. ಬಂದು ನೋಡಿದರೆ ಕೆಲವೊಮ್ಮೆ ಕವರು ಇರುತ್ತಿರಲಿಲ್ಲ. ಗಾಳಿಗೆ ಹಾರಿತೆಂದುಕೊಳ್ಳುವಳು. ಮೂರೂವರೆ ವರ್ಷ ಅವಳು ಹಾಗೆ ಅಂದುಕೊಂಡಿದ್ದಳು.

ಕವರುಗಳನ್ನು ತೊಳೆದು ಬಂಡೆಯ ಮೇಲೆ ಹರಡಿ ನಾನೇ ಎಣಿಸಿದೆ. ಹರಿದ ಚೂರುಗಳನ್ನು ಬಿಟ್ಟು ಒಟ್ಟು ನೂರ ಹತ್ತು. ವೈದ್ಯ ತೂಕ ನೋಡಿದ. ಎರಡು ಕಿಲೋ ಮುನ್ನೂರೈವತ್ತು ಗ್ರಾಂ. ಕೆಂಪು ದಾರವಿದ್ದವು ಇಪ್ಪತ್ತಮೂರು. ವಿಷದ ಕುರುಹು ಎಲ್ಲಿಯೂ ಇಲ್ಲವೆಂದು ಅವನು ಬರೆದುಕೊಟ್ಟ. ನಿಂಗಕ್ಕ ಆಗ ಕಲ್ಲಿನಿಂದ ಎದ್ದು, ಸೀರೆಯ ಮಣ್ಣು ಕೊಡವಿ, ಹುಚ್ಚಕ್ಕನ ಎದುರಿಗೇ ಹಾದು ಮನೆಗೆ ಹೋದಳು. “ಅಕ್ಕಾ” ಎಂದು ಹುಚ್ಚಕ್ಕ ಕರೆದದ್ದು ನನಗೆ ಕೇಳಿಸಿತು, ಆಕೆಗೂ ಕೇಳಿಸಿರಬೇಕು.

ಮರುದಿನ, ಹದಿನೆಂಟನೆಯ ತಾರೀಖು ಶನಿವಾರ, ಮಧ್ಯಾಹ್ನ ಗುಡಿಯ ಮುಂದೆ ಹಟ್ಟಿ ಸೇರಿತು. ದೇವರ ಟಗರಿನ ಸಾವಿಗೆ ಕಾರಣಳಾದ ಹುಚ್ಚಕ್ಕ ಮುಂದಿನ ದೀಪಾವಳಿಯವರೆಗೆ ಗುಡಿಯ ಮೆಟ್ಟಿಲು ಹತ್ತಬಾರದು, ಅವಳ ಮನೆಯ ಎಡೆ ದೇವರಿಗೆ ಸಲ್ಲಬಾರದು ಎಂದು ಗೊಲ್ಲಪ್ಪ ಹೇಳಿದ. ಎಲ್ಲರೂ ಬಹಳ ಬೇಗ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಯೆನಿಸಲಿಲ್ಲ. ಆದರೆ ನಾನು ಬರೆದುಕೊಳ್ಳಲು ಕುಳಿತವನು, ಮಾತಾಡಲು ಅಲ್ಲ. ಹುಚ್ಚಕ್ಕ ತಲೆ ತಗ್ಗಿಸಿ, “ಆಗ್ಲಿ” ಎಂದಳು.

ಹೆಂಗಸರ ಗುಂಪಿನಿಂದ ಒಂದು ಧ್ವನಿ ಬಂತು.

“ಮೇಷ್ಟ್ರೇ, ನಿನ್ನೆ ಒಟ್ಟು ಎಷ್ಟು ಬಂದ್ವು?”

ನಿಂಗಕ್ಕ. ನಾನು ಪುಸ್ತಕ ತೆಗೆದು ನೋಡಿ, “ನೂರ ಹತ್ತು” ಎಂದೆ.

“ಕೆಂಪು ದಾರದ್ದು?”

“ಇಪ್ಪತ್ತಮೂರು.”

“ಉಳಿದದ್ದು?”

“ಎಂಬತ್ತೇಳು.”

“ಅವು ಯಾರ ಮನೇವು?” ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಹಬ್ಬದ ದಿನ ಟಗ್ರಿಗೆ ಕವರಲ್ಲೇ ಅನ್ನ ಹಾಕಿದ್ಯಲ್ಲೇ ಮೀನಾಕ್ಷಿ, ಅದೆಲ್ಲಿ ಹೋತು? ನಮ್ಮನೇಲಿ ಬೆಲ್ಲದ ಕವರು ಎಸ್ದಿದ್ವಿ, ಅದೆಲ್ಲಿ ಹೋತು? ದಾರ ಕಟ್ದೋಳು ಸಿಕ್ಕಾಕ್ಕಂಡ್ಳು. ಕಟ್ದೇ ಇದ್ದೋರು ನಾವೆಲ್ಲ ಸಾಚಾ.”

ಮೀನಾಕ್ಷಿ ನೆಲ ನೋಡಿದಳು. ಗೊಲ್ಲಪ್ಪ ತನ್ನ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. ಅದಕ್ಕೆ ತುಂಬ ಹೊತ್ತು ತೆಗೆದುಕೊಂಡ. ಆಮೇಲೆ, “ಮೇಷ್ಟ್ರೇ, ಮೇಲೆ ಬರ್ದಿದ್ದು ಹೊಡ್ದಾಕ್ರಿ. ಮೆಟ್ಲು ಹತ್ತಬಾರ್ದು ಅಂದ್ರೆ ಯಾರೂ ಹತ್ತಂಗಿಲ್ಲ” ಎಂದ. ನಾನು ಒಂದು ಗೆರೆ ಎಳೆದೆ. ಆ ಗೆರೆ ಇಂದಿಗೂ ಪುಸ್ತಕದಲ್ಲಿದೆ.

ಸಭೆ ಮುಗಿದ ಮೇಲೆ ಹುಚ್ಚಕ್ಕ ಓಡಿಹೋಗಿ ನಿಂಗಕ್ಕನ ಮುಂದೆ ನಿಂತಳು. ನಿಂಗಕ್ಕ ಪಕ್ಕದಲ್ಲಿದ್ದ ಸೊಸೆಗೆ ಹೇಳಿದಳು: “ಸುಪ್ರಿಯಾ, ಲೆಕ್ಕ ಸರಿ ಇರ್ಲಿ ಅಂತ ಕೇಳ್ದೆ, ಯಾರ ಸಲುವಾಗೂ ಅಲ್ಲ ಅಂತ ಹೇಳವ್ವ.” ಸುಪ್ರಿಯಾ ಪಾಪ ಅದನ್ನು ಮತ್ತೊಮ್ಮೆ ಹೇಳಬೇಕೋ ಬೇಡವೋ ತಿಳಿಯದೆ ಇಬ್ಬರನ್ನೂ ನೋಡುತ್ತ ನಿಂತಳು.

ಇನ್ನು ಕವರುಗಳ ಮಾತು. ಅವುಗಳನ್ನು ಮನೆಯಿಂದ ಹೊರಗೆ ಹಾಕುವುದೇ ಬೇಡವೆಂದು ಹುಚ್ಚಕ್ಕ ನಿರ್ಧರಿಸಿದಳು. ಸುಡೋಣವೆಂದರೆ ಮಂಜಣ್ಣ ಒಪ್ಪಲಿಲ್ಲ. ಕುರಿಯ ಹಿಂದೆ ಹೋಗುವವನಿಗೆ ಮುದ್ದೆ, ಉಪ್ಪಿನಕಾಯಿ ಕಟ್ಟಲು ಕವರು ಬೇಕೇ ಬೇಕು. ಎಲ್ಲ ಮನೆಯಲ್ಲೂ ಹಾಗೆಯೇ. ಕೆಲವರು ಹಾಸಿಗೆಯ ಕೆಳಗೆ ಒತ್ತುತ್ತಿದ್ದರು, ಕೆಲವರು ಗೂಡಿನಲ್ಲಿ ತುರುಕುತ್ತಿದ್ದರು. ಒಂದನ್ನು ತೆಗೆಯಲು ಹೋದರೆ ನಾಲ್ಕು ಉದುರಿ ಅಂಗಳಕ್ಕೆ ಹಾರುತ್ತಿದ್ದವು. ಅವುಗಳಿಗೊಂದು ಜಾಗ ಬೇಕು. ನೋಡಿದರೆ ತುರುಕಬೇಕೆನ್ನಿಸುವಷ್ಟು ಚೆಂದವೂ ಇರಬೇಕು ಎಂದು ಅವಳ ಲೆಕ್ಕ. ನವೆಂಬರ್ 22ರಂದು ಹೊಸದುರ್ಗಕ್ಕೆ ಹೋಗಿ ಹಳದಿ, ಹಸಿರು, ಬಿಳಿ ಉಲ್ಲನ್ ದಾರ ತಂದಳು. ಕೆಂಪು ಮನೆಯಲ್ಲಿಯೇ ಉಳಿದಿತ್ತು.

ಮೊದಲ ಚೀಲ ನೋಡಿದ ಮಂಜಣ್ಣ, “ಏನೇ ಇದು, ಹೆಗ್ಗಣ ಹಿಡಿಯೋ ಬಲೆನಾ” ಎಂದ.

“ನೀನು ಒಳಗೆ ಹೋಗ್ತೀಯಾ ನೋಡಾಣ ಅಂತ ಹೆಣ್ದೆ” ಎಂದಳು ಅವಳು. ಆ ವಾರದಲ್ಲಿ ಅವಳು ಮೊದಲ ಬಾರಿಗೆ ನಗೆಯ ಮಾತಾಡಿದ್ದು ಅದೇ ಎಂದು ಮಂಜಣ್ಣ ಹೇಳುತ್ತಾನೆ.

ಆ ಚೀಲದ ತಳ ಮುಚ್ಚಿತ್ತು. ಅಡಿಯ ಕವರು ಬೇಕಾದರೆ ಎಲ್ಲವನ್ನೂ ಸುರಿಯಬೇಕು. ಸುರಿದರೆ ಮತ್ತೆ ಹಾರಾಟ. ಎರಡನೆಯದಕ್ಕೆ ತಳದಲ್ಲಿಯೂ ಬಾಯಿ ಬಿಟ್ಟಳು. ಮೇಲಿಂದ ತುರುಕುವುದು, ಕೆಳಗಿಂದ ಒಂದೊಂದೇ ಎಳೆಯುವುದು. ಚೆಂದ ಕಾಣಲೆಂದು ಮೈಯೆಲ್ಲ ಅಗಲ ಕಣ್ಣಿನ ಜಾಲರಿ ಹಾಕಿ, ಅಂಚಿಗೆ ಬಿಳಿ ಕುಚ್ಚು ಕಟ್ಟಿ ಬಾಗಿಲ ಪಕ್ಕ ತೂಗು ಹಾಕಿದಳು. ಮಧ್ಯಾಹ್ನ ಹೊಲದಿಂದ ಬಂದು ನೋಡಿದರೆ ಮೇಕೆಮರಿಯೊಂದು ಹಿಂಗಾಲ ಮೇಲೆ ನಿಂತು, ಜಾಲರಿಯ ಕಣ್ಣಿನಿಂದ ಹೊರಗೆ ಇಣುಕಿದ್ದ ಕವರಿನ ಕಿವಿಯನ್ನು ಎಳೆದು ಜಗಿಯುತ್ತಿತ್ತು. ಮರಿಯ ಬಾಯಿಗೆ ಬೆರಳು ಹಾಕಿ ಕವರು ಕಿತ್ತುಕೊಂಡು, ಹೊಸ್ತಿಲಲ್ಲಿ ಕುಳಿತು, ಎರಡು ದಿನದ ಹೆಣಿಗೆಯನ್ನು ದಾರದ ತುದಿ ಹಿಡಿದು ಸರ್ರನೆ ಬಿಚ್ಚಿ ಉಂಡೆ ಸುತ್ತಿದಳು.

ಮೂರನೆಯದು ಸರಿಹೋಯಿತು. ಅರವತ್ತು ಸರಪಳಿಯನ್ನು ಬಳೆಯಂತೆ ಕೂಡಿಸಿ, ಅದರ ಮೇಲೆ ಸುತ್ತು ಸುತ್ತಾಗಿ ಒತ್ತೊತ್ತು ಕಂಬಗಳು. ಮೊಳಕ್ಕೆ ಸ್ವಲ್ಪ ಹೆಚ್ಚು ಉದ್ದ. ನಡುವೆ ಮಾತ್ರ ಒಂದು ಸಾಲು ಬಿಳಿ ಹೂವು. ಮೇಲ್ಬಾಯಿ ಕೈ ಹಿಡಿಸುವಷ್ಟು, ಕೆಳಬಾಯಿ ಮೂರು ಬೆರಳು ಹಿಡಿಸುವಷ್ಟು. ಕುಚ್ಚು ಇಲ್ಲ. ಎತ್ತರದ ಪ್ರಶ್ನೆಗೆ ಮಂಜಣ್ಣ ಅವರೆ ಸೊಪ್ಪನ್ನು ಎತ್ತಿ ಹಿಡಿದು ಹಟ್ಟಿಯ ಅತಿ ಎತ್ತರದ ಹೋತವನ್ನು ಹಿಂಗಾಲ ಮೇಲೆ ನಿಲ್ಲಿಸಿದ. ನಾನು ಟೇಪು ಹಿಡಿದು ಅಳೆದೆ. ಮೂತಿಯ ತುದಿಗೆ ಐದು ಅಡಿ ಎರಡು ಅಂಗುಲ. ಚೀಲದ ಕೆಳಬಾಯಿ ಅದಕ್ಕಿಂತ ಒಂದು ಅಡಿ ಮೇಲಿರಬೇಕೆಂದು ನಿಶ್ಚಯವಾಯಿತು.

ಪ್ರತಿಯೊಂದು ಚೀಲದ ಕೆಳಬಾಯಿಗೆ ಅವಳು ಒಂದೇ ಒಂದು ಸುತ್ತು ಕೆಂಪು ದಾರ ಹಾಕುತ್ತಿದ್ದಳು. ಅದು ಏಕೆಂದು ನಾನು ಕೇಳಿದೆ. ಮರೆಯಬೇಕಾದ ಬಣ್ಣವಲ್ಲವೇ ಅದು ಎಂಬುದು ನನ್ನ ಅಭಿಪ್ರಾಯ.

“ಯಾರ್ದು ಅಂತ ಗೊತ್ತಾಗ್ಲಿ ಮೇಷ್ಟ್ರೇ” ಎಂದಳು. “ಕವರು ಎಳೆಯೋವಾಗೆಲ್ಲ ಕಣ್ಣಿಗೆ ಬೀಳ್ಬೇಕು.”

ಸರಿಹೋದ ಮೊದಲ ಚೀಲವನ್ನು ಅವಳು ತನ್ನ ಮನೆಗೆ ಹಾಕಿಕೊಳ್ಳಲಿಲ್ಲ. ಡಿಸೆಂಬರ್ 4, ಸೋಮವಾರ, ನಿಂಗಕ್ಕನ ಮನೆಯ ಬಾಗಿಲ ಗೂಟಕ್ಕೆ ತೂಗು ಹಾಕಿ ಬಂದಳು. ಸಂಜೆಯೊಳಗೆ ಸುಪ್ರಿಯಾ ಅದನ್ನು ಮಡಿಸಿ ತಂದುಕೊಟ್ಟಳು. “ಚಿಗವ್ವ, ಅತ್ತೆ ಬ್ಯಾಡ ಅಂದ್ರು.”

“ಬಣ್ಣ ಹಿಡಿಸ್ಲಿಲ್ವಂತಾ?”

“ಬಣ್ಣ ನೋಡ್ಲೇ ಇಲ್ಲ.”

ಹುಚ್ಚಕ್ಕ ಅದನ್ನು ಗೂಡಿನಲ್ಲಿಟ್ಟು ಮುಂದಿನದನ್ನು ಹೆಣೆಯತೊಡಗಿದಳು. ಮೂರು ಮೂರೂವರೆ ದಿನಕ್ಕೊಂದರಂತೆ ಗೊಲ್ಲಪ್ಪನ ಮನೆಗೆ, ಮೀನಾಕ್ಷಿಯ ಮನೆಗೆ, ಉಳಿದವರ ಮನೆಗೆ ಚೀಲಗಳು ಹೋದವು. ಕೊಟ್ಟ ಮನೆಯಲ್ಲಿ ಅವಳೇ ನಿಂತು ಗೂಟದ ಎತ್ತರ ಹೇಳುವಳು, ಹಾಸಿಗೆಯ ಕೆಳಗಿನ ಕವರುಗಳನ್ನೆಲ್ಲ ತಂದು ತುರುಕಿಸುವಳು. ಹಟ್ಟಿಯ ಹೆಂಗಸರು ಮೊದಲು ಸಂಕೋಚಪಟ್ಟರು. ಆಮೇಲೆ ನನಗೆ ನೀಲಿ ಬೇಕು, ನನಗೆ ಹೂವು ಎರಡು ಸಾಲು ಬೇಕು ಎನ್ನತೊಡಗಿದರು. ಸಂಕ್ರಾಂತಿಗೆ ನಿಂಗಕ್ಕನಿಗೆ ಎರಡನೆಯ ಬಾರಿ ಕಳಿಸಿದಳು, ಮರಳಿ ಬಂತು. ಶಿವರಾತ್ರಿಯ ದಿನ, 2024ರ ಮಾರ್ಚ್ 8, ಮೂರನೆಯ ಬಾರಿ ಕಳಿಸಿದಳು, ಮರಳಿ ಬಂತು. ಒಂದೇ ಅಂಗಳದಲ್ಲಿ ಕಸ ಗುಡಿಸುವ ಎರಡು ಪೊರಕೆಗಳು ಎದುರಾದಾಗ ಒಂದು ನಿಲ್ಲುವುದು, ಇನ್ನೊಂದು ಹಾದುಹೋಗುವುದು. ಹಬ್ಬದ ಒಬ್ಬಟ್ಟು ಅತ್ತಿಂದಿತ್ತ ಹೋಗಲಿಲ್ಲ.

“ನನ್ನ ತಪ್ಪಿಗೆ ಹಟ್ಟಿ ಎಲ್ಲ ಮಾಫಿ ಮಾಡ್ತು” ಎಂದಳು ಹುಚ್ಚಕ್ಕ ಒಮ್ಮೆ ನನ್ನಲ್ಲಿ. “ಟಗ್ರಿನ ತಪ್ಪು ಅದು. ಆಣೆ ತಳ್ಳಿದ್ದು ಬ್ಯಾರೆ. ಅದನ್ನ ಹಟ್ಟಿ ಮಾಫಿ ಮಾಡಕ್ಕಾಗಲ್ಲ, ಆಕೇನೇ ಮಾಡ್ಬೇಕು. ಮಾತಾಡ್ದೇ ಹೋದ್ರೆ ನಾನು ಹೆಂಗೆ ಕೇಳ್ಲಿ?” “ಅಕ್ಕಾ” ಎಂದು ಕರೆಸಿಕೊಂಡರೂ ಆಡದ ನಾಲಿಗೆಗೆ ಯಾವ ಶಾಲೆಯಲ್ಲೂ ಪಾಠವಿಲ್ಲ.

ಮಾರ್ಚ್ 27, ಬುಧವಾರ. ಇದನ್ನು ನನಗೆ ಹೇಳಿದವಳು ಸುಪ್ರಿಯಾ. ಹುಚ್ಚಕ್ಕನನ್ನು ಕೇಳಿ ತಾಳೆ ನೋಡಿದ್ದೇನೆ. ಬೆಳಿಗ್ಗೆ ಹತ್ತರ ಸುಮಾರಿಗೆ ನಿಂಗಕ್ಕ ಕೊಟ್ಟಿಗೆಯಲ್ಲಿ ಕೂಗಿದ ಕೂಗಿಗೆ ಸುಪ್ರಿಯಾ ಓಡಿಹೋದಳು. ಹದಿನೈದು ದಿನದ ಕುರಿಮರಿ ಕತ್ತು ಚಾಚಿ ಉಸಿರಿಗೆ ಒದ್ದಾಡುತ್ತಿತ್ತು. ಬಾಯಿಯ ಅಂಚಿನಲ್ಲಿ ನೀಲಿಯದೊಂದು ತುದಿ. ನಿಂಗಕ್ಕ ಮರಿಯನ್ನು ಮೊಣಕಾಲ ನಡುವೆ ಅವುಚಿ, ತುದಿಯನ್ನು ಹಿಡಿದು, ಕಣ್ಣು ಮುಚ್ಚಿ ಎಳೆದಳು. ಒಂದು ಗೇಣು ಬಂತು, ಇನ್ನೊಂದು ಗೇಣು ಬಂತು. ಮರಿ ಕೆಮ್ಮಿ ಎದ್ದು ನಿಂತಿತು. ಅದು ಹಿಂದಿನ ದಿನ ಸಕ್ಕರೆ ತಂದ ಕವರು, ಗೂಡಿನಿಂದ ಉದುರಿದ್ದು, ಆಕೆಯ ಮನೆಯದೇ.

ಹುಚ್ಚಕ್ಕ ಜಗಲಿಯ ಮೇಲೆ ಮೂವತ್ತೆಂಟನೆಯ ಚೀಲದ ಕೊನೆಯ ಸುತ್ತಿನಲ್ಲಿದ್ದಳು. ಅದು ಅವಳ ಸ್ವಂತ ಮನೆಯದು. ಮುಂದೆ ನೆರಳು ಬಿತ್ತು. ತಲೆ ಎತ್ತಿದರೆ ನಿಂಗಕ್ಕ. ಕೈಯಲ್ಲಿ ಜೊಲ್ಲು ಸುರಿಯುವ ನೀಲಿ ಕವರು.

“ಲೇ, ಆ ಚೀಲ ಕೊಡು.”

ನೂರ ಮೂವತ್ತೊಂದು ದಿನಗಳ ಮೇಲೆ ಬಂದ ಮಾತು. ಹುಚ್ಚಕ್ಕನಿಗೆ ಅದು ತನಗೇ ಹೇಳಿದ್ದೆಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತಂತೆ. ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳಂತೆ. ಆಮೇಲೆ ಒಳಗೆ ಓಡಿ, ಮೂರು ಸಲ ಮರಳಿದ್ದ ಹಳದಿ ಚೀಲವನ್ನು ತಂದಳು. ನಿಂಗಕ್ಕ ಅಲ್ಲಿಯೇ ನಿಂತು ಸುಪ್ರಿಯಾಳಿಂದ ಮನೆಯ ಕವರುಗಳನ್ನೆಲ್ಲ ತರಿಸಿ ತುರುಕಿದಳು. ಚೀಲ ಎತ್ತಿ ಹಿಡಿದಾಗ ಕೆಳಬಾಯಿಯಿಂದ ಎರಡು ಕವರು ಜಾರಿ ನೆಲಕ್ಕೆ ಬಿದ್ದವು. ಮೊದಲು ಹೆಣೆದದ್ದಾದ್ದರಿಂದ ಅದರ ಬಾಯಿ ಉಳಿದವಕ್ಕಿಂತ ಸ್ವಲ್ಪ ಸಡಿಲವಿತ್ತು.

“ಬಾಯಿ ಅಗಲ ಆತು” ಎಂದಳು ನಿಂಗಕ್ಕ. “ನಿನ್ ಬಾಯಿ ಇದ್ದಂಗೆ.”

“ಹೂಂ ಅಕ್ಕ.”

“ಬಿಚ್ಚು. ಬಿಗಿ ಮಾಡು. ನಾನಿಲ್ಲೇ ಇರ್ತೀನಿ.”

ಹುಚ್ಚಕ್ಕ ಕುಳಿತು ಕೆಂಪು ಸುತ್ತಿನ ತುದಿ ಹುಡುಕಿದಳು. ಕುಣಿಕೆಯೊಳಗೆ ಸಿಕ್ಕಿಸಿದ್ದರಿಂದ ತುದಿ ಬೇಗ ಸಿಗಲಿಲ್ಲ. ನಿಂಗಕ್ಕ ಬಗ್ಗಿ, ಉಗುರಿನಿಂದ ಅದನ್ನು ಎತ್ತಿಕೊಟ್ಟಳು. ಕೆಂಪು ಬಿಚ್ಚಿತು, ಅದರ ಹಿಂದೆ ಎರಡು ಸುತ್ತು ಹಳದಿ ಬಿಚ್ಚಿತು. ಹುಚ್ಚಕ್ಕ ಕಡ್ಡಿ ಹಿಡಿದು ಮತ್ತೆ ಶುರುಮಾಡಿದಳು. ಅರ್ಧ ಸುತ್ತಾದ ಮೇಲೆ ತಲೆ ಎತ್ತದೆ, “ಅಕ್ಕಾ, ಅವತ್ತು ಆಣೆ ಬ್ಯಾಡ ಅಂದ್ನಲ್ಲ...” ಎಂದಳು.

ನಿಂಗಕ್ಕ ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕುಳಿತಳು.

“ಎಣಿಸ್ಕಂಡು ಹಾಕು” ಎಂದಳು. “ಮಾತಾಡ್ತಾ ಮಾತಾಡ್ತಾ ತಪ್ತೀಯ.”